ಎಡೆದೊರೆ ನಾಡಿನ ತಂಗುಮನೆಗಳು

ದಾರಿಹೋಕರಿಗೆ ಸೂರು ಕೊಟ್ಟ ಕಟ್ಟಡಗಳೂ ಕೋಟೆ, ಗುಡಿ, ಶಾಸನಗಳಷ್ಟೇ ನಮ್ಮ ಪರಂಪರೆ. ಲಿಂಗಸುಗೂರಿನ ಛಾವಣಿ, ಸುರಪುರದ ಟೇಲರ್ ಮಂಜಿಲ್ ಹೇಳುವ ಮಾತಿದು.

ಸಿರುಗುಪ್ಪದ ಕಡೆಯಿಂದ ತುಂಗಭದ್ರೆ ದಾಟಿ ಬರುವ 150ಎ ರಾಷ್ಟ್ರೀಯ ಹೆದ್ದಾರಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಹಾದು, ತಿಂಥಣಿ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿ ಸುರಪುರದ ಗುಡ್ಡಗಳತ್ತ ಹೊರಳುತ್ತದೆ. ಎರಡು ಹೊಳೆಗಳ ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದವು. ಮುಂದೆ ಅದು ರಾಯಚೂರು ದೋಆಬ್ ಆಯಿತು. ವಿಜಯನಗರದ ಅರಸರೂ ಬಹಮನಿ, ಆದಿಲ್‌ಶಾಹಿ ಸುಲ್ತಾನರೂ ಇದಕ್ಕಾಗಿ ತಲೆಮಾರುಗಟ್ಟಲೆ ಬಡಿದಾಡಿದರು. ದಂಡು ನಡೆದ ದಾರಿಯಲ್ಲೇ ಹತ್ತಿಯ ಗಾಡಿಗಳು ನಡೆದವು, ಜಾತ್ರೆಗೆ ಹೊರಟವರು ನಡೆದರು, ಕಂದಾಯದ ಅಧಿಕಾರಿಗಳು ಕುದುರೆ ಏರಿ ಬಂದರು.

ಹೀಗೆ ಬಂದವರೆಲ್ಲ ರಾತ್ರಿ ಎಲ್ಲಿ ಮಲಗುತ್ತಿದ್ದರು? ನಮ್ಮ ಭಾಗದ ಇತಿಹಾಸ ಬರೆದವರು ಯುದ್ಧ ನಡೆದ ಜಾಗ ಗುರುತಿಸಿದ್ದಾರೆ, ಕೋಟೆಯ ಬುರುಜು ಎಣಿಸಿದ್ದಾರೆ. ದಾರಿಹೋಕ ತಲೆಯಿಟ್ಟ ಸೂರಿನ ಲೆಕ್ಕವನ್ನು ಮಾತ್ರ ಯಾರೂ ಇಟ್ಟಂತಿಲ್ಲ. ಆ ಸೂರುಗಳಲ್ಲಿ ಕೆಲವು ಈಗಲೂ ನಿಂತಿವೆ. ಅವುಗಳನ್ನು ಹಳೆಯ ಕಟ್ಟಡವೆಂದು ಕೆಡವುವ ಮೊದಲು ಒಮ್ಮೆ ಸರಿಯಾಗಿ ನೋಡಬೇಕಾಗಿದೆ.

ಅಶೋಕನ ಕಾಲದ ಕಾಳಜಿ

ಮಸ್ಕಿ ಎಂದೊಡನೆ ನೆನಪಾಗುವುದು ಗುಡ್ಡದ ಬಂಡೆಯ ಮೇಲಿನ ಶಾಸನ. ನಿಜಾಮ್ ಸಂಸ್ಥಾನದಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅದನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇತ್ತು. ಆ ಬಿರುದಿನ ದೊರೆ ಅಶೋಕನೇ ಎಂದು ಹೆಸರಿಟ್ಟು ಹೇಳಿದ್ದು ಮಸ್ಕಿಯ ಬಂಡೆ.

ಅದೇ ಅಶೋಕ ದಿಲ್ಲಿ-ತೋಪ್ರಾ ಕಂಬದ ಶಾಸನದಲ್ಲಿ ದಾರಿಗಳ ಬಗ್ಗೆ ಹೇಳಿಕೊಂಡಿದ್ದಾನೆ. ಮನುಷ್ಯರಿಗೂ ಪ್ರಾಣಿಗಳಿಗೂ ನೆರಳಾಗಲೆಂದು ದಾರಿಯ ಬದಿ ಆಲದ ಮರ ನೆಡಿಸಿದ್ದು, ಮಾವಿನ ತೋಪು ಬೆಳೆಸಿದ್ದು, ಬಾವಿ ತೋಡಿಸಿ ತಂಗುದಾಣ ಕಟ್ಟಿಸಿದ್ದು ಎಲ್ಲವೂ ಅಲ್ಲಿದೆ. ದಾರಿಯಲ್ಲಿ ನಡೆಯುವವನ ದಣಿವನ್ನು ರಾಜ್ಯ ಕಟ್ಟುವವನು ತನ್ನ ಹೊಣೆಯೆಂದು ಭಾವಿಸಿದ್ದ ಕಾಲವದು. ನಂತರದ ಶತಮಾನಗಳಲ್ಲಿ ಆ ಹೊಣೆಯನ್ನು ಅರಸರಿಗಿಂತ ಹೆಚ್ಚಾಗಿ ಊರವರೇ ಹೊತ್ತರು.

ಊರ ಮುಂದಿನ ಚಾವಡಿ, ಹನುಮಪ್ಪನ ಗುಡಿಯ ಕಟ್ಟೆ, ಮಠದ ಪಡಸಾಲೆ, ದರ್ಗಾದ ಪಕ್ಕದ ಮುಸಾಫಿರ್‌ಖಾನೆ ನಮ್ಮ ಸೀಮೆಯ ಮೊದಲ ವಸತಿಗೃಹಗಳು. ಚಿದಾನಂದಾವಧೂತರು ದೇವಿ ಪುರಾಣ ರಚಿಸಿದ ಸಿಂಧನೂರು ತಾಲ್ಲೂಕಿನ ಅಂಬಾಮಠಕ್ಕೆ, ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಅಮರೇಶ್ವರನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬಂದವರು ಉಳಿದದ್ದು ಇಂಥ ಕಡೆಗಳಲ್ಲೇ. ಅಲ್ಲಿ ಬಾಡಿಗೆ ಇರಲಿಲ್ಲ, ದಾಸೋಹ ಇತ್ತು. ಕಟ್ಟಡವೂ ಆ ಕೆಲಸಕ್ಕೆ ತಕ್ಕ ಹಾಗೆ ಇತ್ತು. ಮುಂದೆ ತೆರೆದ ಪಡಸಾಲೆ, ಕೂರಲು ಜಗಲಿ, ಕುಡಿಯಲು ಬಾವಿ, ದನ ಕಟ್ಟಲು ಬಯಲು.

ಛಾವಣಿಯ ಊರು

ಬೇರೆ ಬಗೆಯ ತಂಗುಮನೆ ಇಲ್ಲಿಗೆ ಬಂದದ್ದು ದಂಡಿನ ಜೊತೆ. ಇಂದಿನ ಲಿಂಗಸುಗೂರು ಪಟ್ಟಣ ಬೆಳೆದದ್ದು ಹಳೆಯ ಊರಿನ ಸುತ್ತ ಅಲ್ಲ. ಆ ಊರು ಕಸಬಾ ಲಿಂಗಸುಗೂರು ಎಂಬ ಹೆಸರಿನಲ್ಲಿ ಪಕ್ಕದಲ್ಲೇ ಇದೆ. ಪಟ್ಟಣ ಎದ್ದದ್ದು ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಛಾವಣಿಯ ಮೇಲೆ. ನಿಜಾಮನ ಖರ್ಚಿನಲ್ಲಿ, ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ಇದ್ದ ಸೈನ್ಯವದು. ಅದರ ಬಾಕಿಯ ಲೆಕ್ಕಕ್ಕಾಗಿಯೇ 1853ರ ಒಪ್ಪಂದದಲ್ಲಿ ರಾಯಚೂರು ದೋಆಬ್ ಕಂಪನಿ ಸರ್ಕಾರದ ಕೈಗೆ ಹೋಯಿತು. 1860ರಲ್ಲಿ ಮತ್ತೆ ನಿಜಾಮನಿಗೆ ಮರಳಿತು. ಮುಂದೆ ಲಿಂಗಸುಗೂರು ಕೆಲಕಾಲ ಜಿಲ್ಲಾ ಕೇಂದ್ರವೂ ಆಗಿತ್ತು. 1905ರಲ್ಲಿ ಆ ಜಿಲ್ಲೆ ಒಡೆದು ರಾಯಚೂರಿಗೆ, ಪಕ್ಕದ ಜಿಲ್ಲೆಗಳಿಗೆ ಹಂಚಿಹೋಯಿತು.

ದಂಡು ಇದ್ದಲ್ಲಿ ಬಂಗಲೆ ಇರಲೇಬೇಕು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ದೇಶದ ಮುಖ್ಯ ದಾರಿಗಳ ಮೇಲೆ ಒಂದು ದಿನದ ಪ್ರಯಾಣದ ಅಂತರಕ್ಕೆ ಡಾಕ್ ಬಂಗಲೆಗಳು ಏಳತೊಡಗಿದ್ದವು. ಎರಡೋ ಮೂರೋ ಕೋಣೆ, ಸುತ್ತ ಪಡಸಾಲೆ, ಹಿಂದೆ ಅಡುಗೆಮನೆ, ಕುದುರೆಲಾಯ, ಒಬ್ಬ ಚೌಕಿದಾರ, ಒಬ್ಬ ಖಾನ್‌ಸಾಮ. ದಿನಕ್ಕೆ ಒಂದು ರೂಪಾಯಿ ಕೊಟ್ಟು, ದಫ್ತರದಲ್ಲಿ ಹೆಸರು ಬರೆದರೆ ಒಂದು ಹಗಲು ಒಂದು ರಾತ್ರಿ ಉಳಿಯುವ ಹಕ್ಕು. ಆಮೇಲೆ ಹೊಸಬ ಬಂದರೆ ಜಾಗ ಬಿಡಬೇಕು. ‘ಪ್ರವಾಸಿ ಮಂದಿರ’ ಎಂದೂ ‘ಐಬಿ’ ಎಂದೂ ಕರೆಯುವ ಲೋಕೋಪಯೋಗಿ ಇಲಾಖೆಯ ಕಟ್ಟಡಗಳೆಲ್ಲ ಈ ಬಂಗಲೆಯ ವಂಶದವೇ.

ಗುಡ್ಡದ ಮೇಲಿನ ಮಂಜಿಲ್

ಈ ವಂಶದ ಹಿರಿಯನನ್ನು ನೋಡಬೇಕೆಂದರೆ ಕೃಷ್ಣೆ ದಾಟಿ ಸುರಪುರಕ್ಕೆ ಹೋಗಬೇಕು. ಊರನ್ನು ಸುತ್ತುವರಿದ ಕಲ್ಲುಗುಡ್ಡಗಳಲ್ಲಿ ಒಂದರ ಮೇಲೆ ಟೇಲರ್ ಮಂಜಿಲ್ ನಿಂತಿದೆ. ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿನೈದರ ಹರೆಯದಲ್ಲಿ ಮುಂಬೈಗೆ ಬಂದಿಳಿದು, ನಿಜಾಮನ ಸೇವೆಗೆ ಸೇರಿದ. ಠಕ್ಕರ ಕುರಿತು ಅವನು ಬರೆದ ಕಾದಂಬರಿ 1839ರಲ್ಲಿ ಲಂಡನ್ನಿನಲ್ಲಿ ಮನೆಮಾತಾಯಿತು. 1841ರಲ್ಲಿ ಸುರಪುರ ಸಂಸ್ಥಾನದ ಹೊಣೆ ಅವನ ಮೇಲೆ ಬಿತ್ತು. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ವೆಂಕಟಪ್ಪ ನಾಯಕ ಇನ್ನೂ ಸಣ್ಣ ಹುಡುಗ. ಆ ಹುಡುಗ ಟೇಲರ್‌ನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ.

1853ರವರೆಗೆ ಟೇಲರ್ ಅಲ್ಲಿ ಉಳಿದ. ಬೋನಾಳದ ಕೆರೆಯ ಕೆಲಸ ಮಾಡಿಸಿದ. ರಾಜನಕೋಳೂರು, ಜೇವರ್ಗಿ ಕಡೆಯ ಹಳೆಯ ಶಿಲಾ ಸಮಾಧಿಗಳನ್ನು ಅಳೆದು, ಅಗೆದು, ಚಿತ್ರ ಬರೆದು ಪ್ರಕಟಿಸಿದ. ದಕ್ಷಿಣದ ಬೃಹತ್ ಶಿಲಾಯುಗದ ಅಧ್ಯಯನಕ್ಕೆ ದಾರಿ ಹಾಕಿದ ಮೊದಮೊದಲ ಬರಹಗಳಲ್ಲಿ ಅವೂ ಸೇರಿವೆ. ಇದೆಲ್ಲ ನಡೆಯುವಾಗ ಅವನಿಗೆ ಮನೆಯಾಗಿದ್ದದ್ದು ಆ ಬಂಗಲೆ. ಅವನು ಹೋದ ಮೇಲೆ ಅದು ಪ್ರವಾಸಿ ಬಂಗಲೆಯಾಗಿ, ಸರ್ಕಾರಿ ಅತಿಥಿಗೃಹವಾಗಿ ಬಳಕೆಗೆ ಬಂತು. ಅದು ಉಳಿದದ್ದು ಹೀಗೆಯೇ. ಜನ ಬಂದು ತಂಗುತ್ತಿದ್ದುದರಿಂದ ಬಾಗಿಲು ತೆರೆಯಿತು, ಕಸ ಹೊರಹೋಯಿತು, ಸೋರಿದಾಗ ದುರಸ್ತಿಯಾಯಿತು.

ಜಾಗದ ಆಯ್ಕೆಯಲ್ಲೇ ಈ ಕಟ್ಟಡದ ಮೊದಲ ಜಾಣತನ ಕಾಣುತ್ತದೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮೀರುವುದು ವಾಡಿಕೆ. ತಗ್ಗಿನ ಊರಿನಲ್ಲಿ ಗಾಳಿ ಕದಲದಿದ್ದಾಗಲೂ ಗುಡ್ಡದ ನೆತ್ತಿಯಲ್ಲಿ ಸಂಜೆ ತಂಪು ಗಾಳಿ ಆಡುತ್ತದೆ. ಅಲ್ಲಿಂದ ಊರೂ ಕಾಣುತ್ತದೆ, ಊರಿಗೆ ಬರುವ ದಾರಿಯೂ ಕಾಣುತ್ತದೆ. ಆಳುವವನಿಗೆ ಎರಡೂ ಬೇಕಾಗಿದ್ದವು ಎಂಬುದನ್ನೂ ಮರೆಯುವ ಹಾಗಿಲ್ಲ.

ಗೋಡೆ ಉಸಿರಾಡುವ ಬಗೆ

ಆ ಕಾಲದ ಬಂಗಲೆಗಳನ್ನು, ನಮ್ಮ ಊರುಗಳ ಹಳೆಯ ಮನೆಗಳನ್ನು ಜೊತೆಗಿಟ್ಟು ನೋಡಿದರೆ ಎರಡನ್ನೂ ಕಟ್ಟಿದವರು ಒಂದೇ ಬಿಸಿಲಿಗೆ ಉತ್ತರ ಹುಡುಕಿದ್ದು ಗೊತ್ತಾಗುತ್ತದೆ. ಎರಡಡಿ ದಪ್ಪದ ಕಲ್ಲಿನ ಗೋಡೆ ಕಟ್ಟಿದರೆ ಹಗಲಿನ ಕಾವು ಒಳಗೆ ತಲುಪುವುದಕ್ಕೆ ತಾಸುಗಟ್ಟಲೆ ಹಿಡಿಯುತ್ತದೆ. ಅದು ತಲುಪುವಷ್ಟರಲ್ಲಿ ಹೊರಗೆ ಕತ್ತಲಾಗಿ ಗಾಳಿ ತಣ್ಣಗಾಗಿರುತ್ತದೆ, ಕಿಟಕಿ ತೆಗೆದರೆ ಸಾಕು. ಮೇಲೆ ಎತ್ತರದ ಮಾಡು. ಬಿಸಿ ಗಾಳಿ ಅಲ್ಲಿಗೆ ಏರಿ, ಗೋಡೆಯ ತುದಿಯ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಸುತ್ತಲಿನ ಪಡಸಾಲೆ ನೇರ ಬಿಸಿಲನ್ನು ಗೋಡೆಗೆ ತಾಗಗೊಡುವುದಿಲ್ಲ. ಎದುರುಬದುರು ಬಾಗಿಲಿಟ್ಟರೆ ಗಾಳಿ ಮನೆಯ ನಡುವೆಯೇ ಹಾಯುತ್ತದೆ. ನೆಲಕ್ಕೆ ಶಹಾಬಾದಿ ಪರಸಿ ಹಾಸಿದರೆ ಮಧ್ಯಾಹ್ನವೂ ಬರಿಗಾಲಿಗೆ ಹಿತ.

ನಮ್ಮ ಮಣ್ಣಿನ ಮಾಳಿಗೆ ಮನೆ ಇದನ್ನೇ ಬೇರೆ ಸಾಮಾನಿನಲ್ಲಿ ಸಾಧಿಸಿತ್ತು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಒಂದಡಿಯಷ್ಟು ಮಣ್ಣು. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು ಮೇಲೆ ಹರಡಿ ತುಳಿದರೆ ನೀರು ಇಳಿಯುತ್ತಿರಲಿಲ್ಲ. ನಡುವೆ ಗವಾಕ್ಷಿ ಬಿಟ್ಟರೆ ಒಳಗೆ ಬೆಳಕು, ಹೊರಗೆ ಹೊಗೆ. ಲಿಂಗಸುಗೂರು, ಮುದಗಲ್ಲ ಕಡೆಯ ಹಳೆಯ ಅಂಗಡಿ ಬೀದಿಗಳಲ್ಲಿ ಇಂಥ ಮಾಳಿಗೆಯ ಕೆಳಗೇ ಎಷ್ಟೋ ಖಾನಾವಳಿಗಳು ನಡೆದವು.

ಇನ್ನು ಗಚ್ಚು. ಸಿಮೆಂಟು ಬರುವ ಮುಂಚೆ ಕೋಟೆಯಿಂದ ಬಂಗಲೆಯವರೆಗೆ ಎಲ್ಲವನ್ನೂ ಹಿಡಿದಿಟ್ಟದ್ದು ಇದು. ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ದಿನಗಟ್ಟಲೆ ನೆನೆಯಲು ಬಿಡುತ್ತಿದ್ದರು. ಆಮೇಲೆ ದುಂಡಗೆ ತೋಡಿದ ಕಾಲುವೆಯಲ್ಲಿ ಮರಳಿನ ಜೊತೆ ಹಾಕಿ, ಎತ್ತು ಕಟ್ಟಿ ಕಲ್ಲಿನ ಗಾಲಿ ಉರುಳಿಸಿ ಅರೆಯುತ್ತಿದ್ದರು. ಗಟ್ಟಿಯಾಗಲೆಂದು ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸುವ ರೂಢಿಯೂ ಇತ್ತು. ಬೆರಳಿಗೆ ಬೆಣ್ಣೆಯಂತೆ ಹತ್ತುವವರೆಗೆ ಅರೆದ ಆ ಗಚ್ಚನ್ನು ಗೋಡೆಗೆ ಬಳಿದು, ನುಣ್ಣಗಿನ ಕಲ್ಲಿನಿಂದ ತಿಕ್ಕಿ ಹೊಳಪು ಕೊಡುತ್ತಿದ್ದರು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರುತ್ತ ವರ್ಷಗಳು ಕಳೆದಂತೆ ಅದು ಮತ್ತೆ ಸುಣ್ಣದ ಕಲ್ಲೇ ಆಗುತ್ತ ಹೋಗುತ್ತದೆ. ಸಣ್ಣ ಬಿರುಕು ಬಿಟ್ಟರೆ ಮಳೆಯ ತೇವದಲ್ಲಿ ಕರಗಿದ ಸುಣ್ಣವೇ ಅಲ್ಲಿ ಮತ್ತೆ ಗಟ್ಟಿಯಾಗಿ ಬಿರುಕು ತುಂಬುತ್ತದೆ. ನೆಲದಿಂದ ಗೋಡೆಗೆ ಏರಿದ ತೇವ ಗಚ್ಚಿನ ಮೂಲಕ ಆರಿಹೋಗುತ್ತದೆ.

ಇದು ತಿಳಿಯದೆ ಮಾಡಿದ ದುರಸ್ತಿ ಹಳೆಯ ಕಟ್ಟಡಕ್ಕೆ ಮಳೆಗಿಂತ ದೊಡ್ಡ ಶತ್ರು. ಗಚ್ಚಿನ ಗೋಡೆಯ ಮೇಲೆ ಸಿಮೆಂಟು ಗಿಲಾವು ಮಾಡಿ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವಕ್ಕೆ ಹೊರಗೆ ಹೋಗುವ ದಾರಿ ಮುಚ್ಚುತ್ತದೆ. ಅದು ಒಳಗೇ ಉಳಿದು, ಉಪ್ಪನ್ನು ಮೇಲೆ ತಂದು, ಗಿಲಾವನ್ನು ಪದರು ಪದರಾಗಿ ಎಬ್ಬಿಸುತ್ತದೆ. ಒಳಗಿನ ಮೆತ್ತನೆಯ ಗಚ್ಚು ಪುಡಿಯಾಗುತ್ತದೆ. ಎರಡು ಮೂರು ಮಳೆಗಾಲ ಕಳೆದ ಮೇಲೆ ‘ಕಟ್ಟಡ ಶಿಥಿಲವಾಗಿದೆ’ ಎಂಬ ವರದಿ ಬರುತ್ತದೆ. ಎಷ್ಟೋ ಐಬಿಗಳು, ಹಳೆಯ ಕಚೇರಿಗಳು, ಶಾಲೆಗಳು ಈ ದಾರಿಯಲ್ಲೇ ನೆಲ ಕಚ್ಚಿವೆ. ವರ್ಷಕ್ಕೊಮ್ಮೆ ಸುಣ್ಣ ಬಳಿಸಿದ್ದರೆ ಅವು ಇನ್ನೊಂದು ಶತಮಾನ ಬಾಳುತ್ತಿದ್ದವು.

ನೋವಿನ ನೆನಪೂ ಪರಂಪರೆಯೇ

ಟೇಲರ್ ಮಂಜಿಲ್‌ನ ಬೆಲೆ ಕಲ್ಲುಗಚ್ಚಿನಲ್ಲಿ ಮಾತ್ರ ಇಲ್ಲ. 1858ರ ಫೆಬ್ರವರಿಯಲ್ಲಿ, ಟೇಲರ್‌ನನ್ನು ‘ಅಪ್ಪಾ’ ಎಂದ ಅದೇ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದುನಿಂತ. ಅವನ ಮೇಲೆ ನಡೆದ ದಂಡುಗಳಲ್ಲಿ ಒಂದು ಹೊರಟದ್ದು ಲಿಂಗಸುಗೂರಿನ ಛಾವಣಿಯಿಂದ. ಸುರಪುರ ಬಿದ್ದಿತು. ಹೈದರಾಬಾದಿಗೆ ಹೋದ ದೊರೆ ಅಲ್ಲಿ ಸೆರೆಯಾದ. ಮರಣದಂಡನೆ ಇಳಿಸಿ ಸೆರೆವಾಸವಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಸತ್ತಾಗ ಅವನಿಗೆ ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸು. ಸುರಪುರ ನಿಜಾಮನ ಪಾಲಾಯಿತು. ಅದೇ ಟೇಲರ್ ಪಶ್ಚಿಮ ರಾಯಚೂರು ದೋಆಬದ ಡೆಪ್ಯುಟಿ ಕಮಿಷನರ್ ಆಗಿ ಲಿಂಗಸುಗೂರಿಗೆ ಬಂದು, 1860ರಲ್ಲಿ ಆರೋಗ್ಯ ಕೆಟ್ಟು ದೇಶ ಬಿಟ್ಟ. 1876ರಲ್ಲಿ ತೀರಿಕೊಂಡ. ಮರುವರ್ಷ ಮಗಳು ಅಚ್ಚು ಮಾಡಿಸಿದ ಅವನ ಆತ್ಮಕಥೆಯಲ್ಲಿ ಸುರಪುರಕ್ಕೆ ದೊಡ್ಡ ಪಾಲಿದೆ.

ಆದ್ದರಿಂದ ಈ ಬಂಗಲೆಯನ್ನು ಉಳಿಸಿ ಎನ್ನುವುದು ಆಳಿದವರನ್ನು ಹೊಗಳಿದ ಹಾಗಾಗುವುದಿಲ್ಲ. ಮಗನಂತೆ ಬೆಳೆಸಿದ್ದೆನೆಂದು ಬರೆದವನ ಮನೆ ಅದು. ಆ ಮಗನ ರಾಜ್ಯ ಕಳೆದುಹೋದ ಕಥೆಗೂ ಅದೇ ಸಾಕ್ಷಿ. ಎರಡನ್ನೂ ಒಟ್ಟಿಗೆ ಹೇಳಬಲ್ಲ ಜಾಗ ನಮ್ಮಲ್ಲಿ ಬೇರೆ ಇಲ್ಲ. ನಾಯಕ ಮನೆತನದ ಅರಮನೆ, ವೇಣುಗೋಪಾಲಸ್ವಾಮಿ ಗುಡಿ, ಗುಡ್ಡದ ಮೇಲಿನ ಮಂಜಿಲ್ ಮೂರನ್ನೂ ಒಂದೇ ದಿನ ನೋಡಿದ ಶಾಲಾ ಮಗುವಿಗೆ 1857–58 ಬರೀ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯಲಾರದು.

ಕಾಲುವೆ ಬಂತು, ಲಾಡ್ಜ್ ಬಂತು

1948ರಲ್ಲಿ ಹೈದರಾಬಾದ್ ಭಾರತದಲ್ಲಿ ಸೇರಿತು. 1956ರಲ್ಲಿ ರಾಯಚೂರು ಜಿಲ್ಲೆ ಕನ್ನಡ ರಾಜ್ಯಕ್ಕೆ ಬಂತು. ನಿಜಾಮರ ಕಾಲದ ಬಂಗಲೆಗಳೂ ಜೊತೆಗೆ ಬಂದವು. ಅಷ್ಟರಲ್ಲಿ ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತಿತ್ತು. ಎಡದಂಡೆ ಕಾಲುವೆ ಸಿಂಧನೂರಿನ ಎರೆಭೂಮಿಗೆ ನೀರು ತಂದಾಗ ಜೋಳದ ಸೀಮೆ ಭತ್ತದ ಸೀಮೆಯಾಯಿತು. ಅಕ್ಕಿ ಗಿರಣಿ, ಗಂಜ್, ದಲ್ಲಾಳಿ ಅಂಗಡಿ, ಹೊರಗಿನಿಂದ ಬಂದ ವ್ಯಾಪಾರಸ್ಥರು. ಅವರಿಗೆ ಕೋಣೆ ಬೇಕಾಯಿತು. ಬಸ್ ನಿಲ್ದಾಣದ ಎದುರು ಆರ್‌ಸಿಸಿ ಲಾಡ್ಜ್‌ಗಳು ಎದ್ದವು, ಕೆಳಗೆ ಹೋಟೆಲು, ಮೇಲೆ ಕೋಣೆ. ಮಿರ್ಚಿ, ಸೂಸಲ, ಚಾ ಸಿಗುವ ಈ ಹೋಟೆಲುಗಳು ಇಂದಿಗೂ ಊರಿನ ಸುದ್ದಿಮನೆ. ಭತ್ತದ ದರದಿಂದ ಚುನಾವಣೆಯ ಲೆಕ್ಕಾಚಾರದವರೆಗೆ ಎಲ್ಲವೂ ಇಲ್ಲೇ ತೀರ್ಮಾನ.

ಆ ಲಾಡ್ಜ್‌ಗಳಿಗೂ ಅವುಗಳ ಚರಿತ್ರೆ ಇದೆ, ಒಂದು ದಿನ ಅದನ್ನೂ ಬರೆಯಬೇಕು. ಆದರೆ ನಾಲ್ಕಾರು ಇಂಚಿನ ಕಾಂಕ್ರೀಟ್ ಚಾವಣಿ ಹಗಲಿಡೀ ಕಾದು ರಾತ್ರಿಯಿಡೀ ಆ ಕಾವನ್ನು ಕೋಣೆಯೊಳಗೆ ಬಿಡುತ್ತದೆ. ಎಸಿ ಇಲ್ಲದೆ ಅಲ್ಲಿ ನಿದ್ದೆ ಹತ್ತದು. ನಮ್ಮ ಹಿರಿಯರು ಕರೆಂಟಿಲ್ಲದೆ ಮಲಗಬಹುದಾದ ಕೋಣೆ ಕಟ್ಟಿದ್ದರು. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿರುವ ಈ ಕಾಲದಲ್ಲಿ ಆ ವಿದ್ಯೆ ವಸ್ತುಸಂಗ್ರಹಾಲಯದ ವಿಷಯ ಅಲ್ಲ, ನಾಳೆ ಮನೆ ಕಟ್ಟುವವನಿಗೆ ಬೇಕಾದ ಪಾಠ.

ಏನು ಮಾಡಬಹುದು

ಹಳೆಯ ಕಟ್ಟಡವನ್ನು ವಸತಿಗೃಹವಾಗಿ ಬಾಳಿಸುವುದು ಹೊಸ ಯೋಚನೆಯೇನಲ್ಲ. ಸ್ಪೇನ್ ದೇಶದ ಸರ್ಕಾರ 1928ರಿಂದಲೂ ‘ಪರಾಡೋರ್’ ಎಂಬ ಹೋಟೆಲುಗಳನ್ನು ನಡೆಸುತ್ತಿದೆ, ಅವುಗಳಲ್ಲಿ ಹಲವು ಹಳೆಯ ಕೋಟೆ, ಮಠ, ಅರಮನೆಗಳಲ್ಲಿವೆ. ಮೈಸೂರಿನಲ್ಲಿ 1921ರ ಲಲಿತಮಹಲ್ ಅತಿಥಿಗಳಿಗೆಂದೇ ಕಟ್ಟಿದ ಅರಮನೆ, ಮುಂದೆ ಹೋಟೆಲಾಯಿತು. ಹಂಪಿ ಪಕ್ಕದ ಕಮಲಾಪುರದಲ್ಲಿ ಪಾಳುಬಿದ್ದ ಗುಡಿಯೊಂದೇ ಬ್ರಿಟಿಷರ ಕಾಲದಲ್ಲಿ ಪ್ರವಾಸಿ ಬಂಗಲೆಯಾಗಿತ್ತು. ಗುಡಿಯನ್ನು ಬಂಗಲೆ ಮಾಡಿದ್ದು ಸರಿಯಲ್ಲದಿರಬಹುದು. ಬಂಗಲೆಯಾಗಿಯೇ ಹುಟ್ಟಿದ್ದನ್ನು ಬಂಗಲೆಯಾಗಿ ಉಳಿಸುವುದಕ್ಕೆ ಮಾತ್ರ ಯಾವ ತಕರಾರೂ ಇರಲಾರದು. 1950ಕ್ಕೆ ಮೊದಲು ಕಟ್ಟಿದ ಕಟ್ಟಡಗಳನ್ನು ಪಾರಂಪರಿಕ ಹೋಟೆಲ್ ಎಂದು ಗುರುತಿಸುವ ಪದ್ಧತಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಲ್ಲೂ ಇದೆ.

ನಮ್ಮಲ್ಲಿ 1961ರ ರಾಜ್ಯ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. ಆದರೆ ಅದರ ಕಣ್ಣು ಮೊದಲಿನಿಂದಲೂ ಗುಡಿ, ಕೋಟೆ, ಶಾಸನಗಳ ಮೇಲೆ. ನಿನ್ನೆ ಮೊನ್ನೆಯವರೆಗೂ ಸಾಹೇಬರು ಉಳಿಯುತ್ತಿದ್ದ ಐಬಿ ಸ್ಮಾರಕ ಎಂದು ಯಾರಿಗೂ ಅನಿಸುವುದಿಲ್ಲ. ಆದ್ದರಿಂದ ಮೊದಲ ಕೆಲಸ ಪಟ್ಟಿ ಮಾಡುವುದು. ರಾಯಚೂರು, ಯಾದಗಿರಿ, ಕೊಪ್ಪಳ ಜಿಲ್ಲೆಗಳಲ್ಲಿ ನೂರು ವರ್ಷ ದಾಟಿದ ಡಾಕ್ ಬಂಗಲೆ, ಛಾವಣಿ ಬಂಗಲೆ, ಮುಸಾಫಿರ್‌ಖಾನೆ, ಮಠದ ಯಾತ್ರಿನಿವಾಸ, ಹಳೆಯ ಖಾನಾವಳಿ ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಫೋಟೊ, ನಕ್ಷೆ ಸಮೇತ ದಾಖಲಿಸಬೇಕು. ಊರಿನ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳೇ ಒಂದು ಬೇಸಿಗೆಯಲ್ಲಿ ಮಾಡಬಹುದಾದ ಕೆಲಸ ಇದು.

ಎರಡನೆಯದು ದುರಸ್ತಿಯ ರೀತಿ. ಗಚ್ಚಿನ ಕಟ್ಟಡಕ್ಕೆ ಗಚ್ಚಿನಿಂದಲೇ ಕೈಹಚ್ಚಬೇಕು ಎಂಬ ನಿಯಮ ಟೆಂಡರಿನಲ್ಲೇ ಬರಬೇಕು. ಅದಕ್ಕೆ ಬೇಕಾದ ಗೌಂಡಿಗಳನ್ನು ತಯಾರು ಮಾಡಿದರೆ ಹತ್ತಾರು ಕುಟುಂಬಗಳಿಗೆ ಊರಲ್ಲೇ ಕೆಲಸ ಸಿಗುತ್ತದೆ, ಗುಳೆ ಹೋಗುವುದೂ ತಪ್ಪುತ್ತದೆ. 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷ ವರ್ಷವೂ ಅನುದಾನ ಬರುತ್ತಿದೆ. ಅದರ ಒಂದು ಸಣ್ಣ ಪಾಲು ಇದಕ್ಕೆ ಸಾಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಈ ಕಟ್ಟಡಗಳಿಗೆ ಬೀಗ ಹಾಕಿ ಬೋರ್ಡು ತೂಗುಹಾಕುವುದರಿಂದ ಅವು ಉಳಿಯುವುದಿಲ್ಲ. ಜನ ಉಳಿದರೆ ಮಾತ್ರ ಮನೆ ಉಳಿಯುತ್ತದೆ ಎಂಬುದನ್ನು ಟೇಲರ್ ಮಂಜಿಲ್ ತೋರಿಸಿಕೊಟ್ಟಿದೆ. ಅಧಿಕಾರಿಗಳಿಗೂ ಜನಪ್ರತಿನಿಧಿಗಳಿಗೂ ಸಿಗುವ ಕೋಣೆ, ಮಸ್ಕಿಯ ಶಾಸನ ನೋಡಲು ಬಂದ ಅಧ್ಯಾಪಕಿಗೂ, ಮುದಗಲ್ಲ ಕೋಟೆ ನೋಡಲು ಬಂದ ಕುಟುಂಬಕ್ಕೂ ನಿಗದಿತ ಬಾಡಿಗೆಗೆ ಸಿಗಬೇಕು. ಕೋಣೆಯ ಗೋಡೆಯ ಮೇಲೆ ಆ ಕಟ್ಟಡದ ಕಥೆ ಕನ್ನಡದಲ್ಲಿ ಬರೆದಿರಬೇಕು.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲಿ ಹಳೆಯ ಬಂಗಲೆ, ಯಾತ್ರಿನಿವಾಸ, ಮಾಳಿಗೆಯ ಹೋಟೆಲು ಇದ್ದರೆ ಈ ವಾರವೇ ಹೋಗಿ ನೋಡಿ. ಹಿರಿಯರಿಂದ ಅದರ ಕಥೆ ಕೇಳಿ ಬರೆದಿಡಿ, ನಾಲ್ಕು ಫೋಟೊ ತೆಗೆಯಿರಿ. ಅದನ್ನು ಕೆಡವುವ ಪ್ರಸ್ತಾವ ಬಂದರೆ ಪುರಸಭೆಗೂ ತಹಶೀಲ್ದಾರರಿಗೂ ಒಂದು ಅರ್ಜಿ ಕೊಡಿ.